ಅಪ್ಪೆಮಿಡಿ ರಸದ ಖಾರದ ಡೆವಿಲ್ಡ್ ಎಗ್ಸ್: ಸಂಜೆಯ ಕೂಟಕ್ಕೆ ಮೊಟ್ಟೆ ತುಂಬುವ ಸಮಗ್ರ ಮಾರ್ಗದರ್ಶಿ

ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿ, ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನ ಹಳದಿಯನ್ನು ಮೆಯೊನೇಸ್, ಸಾಸಿವೆ, ಹುಳಿ ಮತ್ತು ಖಾರದೊಂದಿಗೆ ನುಣ್ಣಗೆ ಕಲಸಿ, ಮರಳಿ ಅದೇ ಬಿಳಿಯ ಕುಳಿಗೆ ತುಂಬಿದರೆ ಡೆವಿಲ್ಡ್ ಎಗ್ಸ್ ಸಿದ್ಧವಾಗುತ್ತದೆ. ಅಮೆರಿಕದಲ್ಲಿ ಈಸ್ಟರ್ ಊಟಕ್ಕೂ ಬೇಸಿಗೆಯ ಹೊರಸಂಚಾರಕ್ಕೂ ತಪ್ಪದೆ ಮಾಡುವ ತಿನಿಸಿದು. ಆದರೆ ಇದರ ಬೇರು ಹಳೆಯದು. ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದಲ್ಲಿ 13ನೇ ಶತಮಾನದಲ್ಲೇ ಬೆಂದ ಹಳದಿಗೆ ಕೊತ್ತಂಬರಿ, ಈರುಳ್ಳಿ ರಸ, ಕಾಳುಮೆಣಸು ಸೇರಿಸಿ ಮೊಟ್ಟೆಗೆ ತುಂಬುತ್ತಿದ್ದರು. ಮೆಯೊನೇಸ್ ಸೇರಿದ್ದು ಬಹಳ ಈಚೆಗೆ. ಹಾಗೆ ನೋಡಿದರೆ ಆ ಹಳೆಯ ಪಾಕವೇ ನಮ್ಮ ನಾಲಿಗೆಗೆ ಹೆಚ್ಚು ಹತ್ತಿರ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರಗಳ ಕಡೆಯ ಅಡುಗೆಮನೆಯಲ್ಲಿ ಇದನ್ನು ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಪಾಶ್ಚಾತ್ಯ ಪಾಕದಲ್ಲಿ ಸಾಸಿವೆ ಸಾಸ್, ವಿನೆಗರ್ ಮತ್ತು ಖಾರದ ಸಾಸ್‌ಗಳ ಮೂರು ಬಾಟಲಿಗಳು ಮಾಡುವ ಕೆಲಸವನ್ನು ನಮ್ಮಲ್ಲಿ ಯಾವುದು ಮಾಡುತ್ತದೆ? ಉತ್ತರ ಅಟ್ಟದ ಮೇಲಿನ ಭರಣಿಯಲ್ಲೇ ಇದೆ. ಮಲೆನಾಡಿನ ಮಿಡಿ ಉಪ್ಪಿನಕಾಯಿಯ ರಸದಲ್ಲಿ ಹುಳಿ, ಉಪ್ಪು, ಸಾಸಿವೆಯ ಘಾಟು, ಮೆಣಸಿನ ಖಾರ ಎಲ್ಲವೂ ಕೂಡಿ ಹದವಾಗಿ ಕಳಿತಿರುತ್ತವೆ. ಅದರ ಮೇಲೆ ಅಪ್ಪೆಮಿಡಿಯ ಸೊನೆಯ ಪರಿಮಳವೂ ಇರುತ್ತದೆ, ಅದು ಯಾವ ಬಾಟಲಿಯಲ್ಲಿಯೂ ಸಿಗುವುದಿಲ್ಲ. ಬೆಂದ ಹಳದಿಯ ಜಿಡ್ಡನ್ನು ಕಡಿಯಲು ಇದಕ್ಕಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಈ ಮಾರ್ಗದರ್ಶಿಯ ಪಾಕ ಅದರ ಮೇಲೆಯೇ ನಿಂತಿದೆ.

ಬೇಕಾಗುವ ಸಾಮಗ್ರಿ

ಹತ್ತು ಹನ್ನೆರಡು ಜನರ ಕೂಟಕ್ಕೆ 12 ಮೊಟ್ಟೆಗಳು, ಅಂದರೆ 24 ಹೋಳುಗಳು, ಊಟಕ್ಕೆ ಮುಂಚಿನ ತಿನಿಸಾಗಿ ಸರಿಹೋಗುತ್ತವೆ. ಸುಲಿಯುವಾಗ ಒಂದೆರಡು ಹರಿಯುವುದು ಸಹಜವಾದ್ದರಿಂದ 14 ಬೇಯಿಸುವುದು ಜಾಣತನ. ಹರಿದ ಮೊಟ್ಟೆಯ ಹಳದಿಯನ್ನು ಹೂರಣಕ್ಕೆ ಸೇರಿಸಿದರೆ ಹೋಳುಗಳು ತುಂಬಿ ತುಳುಕುವಂತೆ ಕಾಣುತ್ತವೆ. ಹೂರಣಕ್ಕೆ 6 ದೊಡ್ಡ ಚಮಚ ಮೆಯೊನೇಸ್, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು 2 ದೊಡ್ಡ ಚಮಚ, ಕೋಣೆಯ ಶಾಖದಲ್ಲಿ ಮೆತ್ತಗಾದ ಬೆಣ್ಣೆ 1 ದೊಡ್ಡ ಚಮಚ, ಮಿಡಿ ಉಪ್ಪಿನಕಾಯಿಯ ರಸ 3 ಸಣ್ಣ ಚಮಚ, ಹಸಿ ಸೂಜಿಮೆಣಸು 2 ಅಥವಾ 3, ಆಗತಾನೇ ಕುಟ್ಟಿದ ಕಾಳುಮೆಣಸು ಅರ್ಧ ಸಣ್ಣ ಚಮಚ ಬೇಕು. ಅಲಂಕಾರಕ್ಕೆ ಬ್ಯಾಡಗಿ ಮೆಣಸಿನ ಪುಡಿ, ಎರಡು ಚಮಚ ಎಣ್ಣೆ, ಕರಿಬೇವು, ಮತ್ತು ಮೀನು ತಿನ್ನುವವರ ಮನೆಯಾದರೆ ಒಂದು ಹಿಡಿ ಒಣ ಸೀಗಡಿ. ಉಪ್ಪನ್ನು ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ; ಅದರ ಮಾತು ಮುಂದೆ ಬರುತ್ತದೆ.

ಮೆಯೊನೇಸ್ ಬಗ್ಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಮನೆಯಲ್ಲಿ ಹಸಿ ಮೊಟ್ಟೆಯಿಂದ ಮಾಡಿದ ಮೆಯೊನೇಸನ್ನು ಗಂಟೆಗಟ್ಟಲೆ ಮೇಜಿನ ಮೇಲಿಡುವ ತಿನಿಸಿಗೆ ಬಳಸಬಾರದು, ಏಕೆಂದರೆ ಅದರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ಹಸಿ ಮೊಟ್ಟೆಯ ಮೆಯೊನೇಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಮೊಟ್ಟೆರಹಿತ ಮೆಯೊನೇಸ್ ಸಾಕಷ್ಟು ಸುರಕ್ಷಿತ, ಆದರೆ ಬಹುಪಾಲು ಸಿಹಿ. ಆ ಸಿಹಿಯನ್ನು ತಗ್ಗಿಸಲೆಂದೇ ಮೇಲಿನ ಅಳತೆಯಲ್ಲಿ ಗಟ್ಟಿ ಮೊಸರನ್ನು ಸೇರಿಸಿದೆ. ಬೆಣ್ಣೆಯ ಕೆಲಸ ಬೇರೆ: ತಣ್ಣಗಾದ ಮೇಲೆ ಅದು ಹೂರಣವನ್ನು ಬಿಗಿಹಿಡಿದು, ಕೋನ್‌ನಿಂದ ಒತ್ತಿದ ಆಕಾರ ಕುಸಿಯದಂತೆ ಕಾಯುತ್ತದೆ.

ಮೊಟ್ಟೆಯ ಆಯ್ಕೆ

ನಾಟಿ ಕೋಳಿಯ ಮೊಟ್ಟೆಯ ಹಳದಿಗೆ ಬಣ್ಣವೂ ರುಚಿಯೂ ಹೆಚ್ಚು ಎಂಬುದು ನಿಜ. ಆದರೂ ಈ ತಿನಿಸಿಗೆ ನಾನು ಫಾರಂ ಮೊಟ್ಟೆಯನ್ನೇ ಸೂಚಿಸುತ್ತೇನೆ. ನಾಟಿ ಮೊಟ್ಟೆ ಚಿಕ್ಕದು, ಗಾತ್ರವೂ ಒಂದೇ ಸಮನಾಗಿರುವುದಿಲ್ಲ. ಒಂದೇ ಪಾತ್ರೆಯಲ್ಲಿ ಬೇಯಿಸಿದಾಗ ಒಂದು ಹದವಾದರೆ ಇನ್ನೊಂದು ಮೀರಿ ಬೆಂದಿರುತ್ತದೆ, ಬಿಳಿಯ ಕುಳಿಯಲ್ಲಿ ಹೂರಣಕ್ಕೆ ಜಾಗವೂ ಕಡಿಮೆ. ಹಿತ್ತಿಲಲ್ಲಿ ಗಿರಿರಾಜ ಕೋಳಿ ಸಾಕಿರುವವರು ಅದರ ಕಂದು ಮೊಟ್ಟೆಯನ್ನು ಧಾರಾಳವಾಗಿ ಬಳಸಬಹುದು. ನಾಟಿ ಮೊಟ್ಟೆಯೇ ಬೇಕೆನ್ನುವವರು ಗಾತ್ರ ನೋಡಿ ಆರಿಸಿ, ಬೇಯಿಸುವ ಸಮಯವನ್ನು ಎರಡು ನಿಮಿಷ ಕಡಿಮೆ ಮಾಡಿಕೊಳ್ಳಲಿ.

ಮೊಟ್ಟೆ ಎಷ್ಟು ತಾಜಾ ಇದ್ದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕು. ಆಗತಾನೇ ಗೂಡಿನಿಂದ ತೆಗೆದ ಮೊಟ್ಟೆಯನ್ನು ಬೇಯಿಸಿ ಸುಲಿದವರಿಗೆ ಗೊತ್ತು: ಸಿಪ್ಪೆಯ ಜೊತೆ ಬಿಳಿಯೂ ಚಕ್ಕೆ ಚಕ್ಕೆಯಾಗಿ ಕಿತ್ತುಬರುತ್ತದೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಯ ಕ್ಷಾರಗುಣ ಏರುತ್ತದೆ, ಆಗ ಒಳಪೊರೆಗೂ ಬಿಳಿಗೂ ಇರುವ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಮನೆಯ ಮೊಟ್ಟೆಯಾದರೆ ಒಂದು ವಾರ ಫ್ರಿಜ್ಜಿನಲ್ಲಿ ಇಟ್ಟು ಬಳಸಬೇಕು. ಅಂಗಡಿಯ ಟ್ರೇಯ ಮೊಟ್ಟೆ ನಮ್ಮ ಕೈಸೇರುವ ಹೊತ್ತಿಗೆ ಹೇಗೂ ಕೆಲವು ದಿನ ಹಳೆಯದಾಗಿರುತ್ತದೆ.

ಕೂಟದ ಹಿಂದಿನ ರಾತ್ರಿ ಮೊಟ್ಟೆಗಳನ್ನು ಅಡ್ಡಲಾಗಿ ಮಲಗಿಸಿಡಿ. ನಿಲ್ಲಿಸಿಟ್ಟ ಮೊಟ್ಟೆಯಲ್ಲಿ ಹಳದಿ ಒಂದು ತುದಿಗೆ ಸರಿದಿರುತ್ತದೆ. ಅದನ್ನು ಹಾಗೆಯೇ ಬೇಯಿಸಿ ಕತ್ತರಿಸಿದರೆ ಕುಳಿಯ ಒಂದು ಬದಿಯ ಗೋಡೆ ಕಾಗದದಷ್ಟು ತೆಳ್ಳಗಾಗಿ ತುಂಬುವಾಗ ಒಡೆಯುತ್ತದೆ.

ಬೇಯಿಸುವುದು ಮತ್ತು ಸುಲಿಯುವುದು

ಕುದಿಯುವ ನೀರಿಗಿಂತ ಹಬೆ ಉತ್ತಮ, ಮತ್ತು ಅದಕ್ಕೆ ಬೇಕಾದ ಸಾಧನ ನಮ್ಮ ಪ್ರತಿ ಮನೆಯಲ್ಲೂ ಇದೆ. ಇಡ್ಲಿ ಪಾತ್ರೆಯ ತಳಕ್ಕೆ ಎರಡು ಬೆರಳಿನಷ್ಟು ನೀರು ಹಾಕಿ, ತಟ್ಟೆಯ ಗುಳಿಗಳಲ್ಲಿ ಮೊಟ್ಟೆಗಳನ್ನು ಮಲಗಿಸಲು ಅಣಿಮಾಡಿಕೊಳ್ಳಿ. ನೀರು ಚೆನ್ನಾಗಿ ಕುದಿದು ಹಬೆ ಬಂದ ನಂತರವೇ ಮೊಟ್ಟೆಗಳನ್ನಿಡಬೇಕು. ತಣ್ಣೀರಿನಲ್ಲಿ ಇಟ್ಟು ನಿಧಾನವಾಗಿ ಕಾಯಿಸಿದರೆ ಬಿಳಿಯ ಪ್ರೋಟೀನು ಒಳಪೊರೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಒಮ್ಮೆಲೇ ಬಿಸಿ ತಗುಲಿದರೆ ಬಿಳಿ ಪೊರೆಯಿಂದ ಬಿಟ್ಟುಕೊಳ್ಳುತ್ತದೆ. ಹಬೆಯಲ್ಲಿ ಮೊಟ್ಟೆಗಳು ಒಂದಕ್ಕೊಂದು ಬಡಿದು ಬಿರುಕು ಬಿಡುವುದೂ ಇಲ್ಲ.

ಫ್ರಿಜ್ಜಿನಿಂದ ನೇರವಾಗಿ ತೆಗೆದ ಸಾಧಾರಣ ಗಾತ್ರದ ಫಾರಂ ಮೊಟ್ಟೆಗೆ ಮುಚ್ಚಳ ಹಾಕಿದ ಮೇಲೆ 12 ನಿಮಿಷ ಸಾಕು. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಈ ವ್ಯತ್ಯಾಸ ಸಣ್ಣದು. ಘಟ್ಟದ ಮೇಲಿನ ಇನ್ನೂ ಎತ್ತರದ ಊರುಗಳಲ್ಲಿ ಅರ್ಧ ನಿಮಿಷ ಹೆಚ್ಚು ಕೊಟ್ಟರೆ ಆಯಿತು. ಸಮಯ ಮೀರುವುದು ಮಾತ್ರ ಕೂಡದು. ಅತಿಯಾಗಿ ಬೆಂದಾಗ ಬಿಳಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಹಳದಿಯ ಕಬ್ಬಿಣದೊಂದಿಗೆ ಕೂಡಿ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಬಣ್ಣದ ಪದರ ಕಟ್ಟುತ್ತದೆ. ಆರೋಗ್ಯಕ್ಕೆ ಅದರಿಂದ ಕೇಡಿಲ್ಲವಾದರೂ ಹೂರಣದ ಬಣ್ಣ ಮಂಕಾಗಿ, ಗಂಧಕದ ವಾಸನೆ ಉಳಿಯುತ್ತದೆ.

ಸಮಯವಾದೊಡನೆ ಮೊಟ್ಟೆಗಳನ್ನು ಮಂಜುಗಡ್ಡೆ ಹಾಕಿದ ನೀರಿಗೆ ಇಳಿಸಿ ಕನಿಷ್ಠ 15 ನಿಮಿಷ ಬಿಡಿ. ಮಲೆನಾಡಿನ ಬಾವಿ ನೀರು ಡಿಸೆಂಬರಿನಲ್ಲಿ ಎಷ್ಟೇ ತಣ್ಣಗಿದ್ದರೂ ಒಳಗಿನ ಬಿಸಿಯನ್ನು ಬೇಗನೆ ಎಳೆಯಲು ಅದೊಂದೇ ಸಾಲದು. ತಣಿದ ಮೊಟ್ಟೆಯ ಅಗಲವಾದ ತುದಿಯನ್ನು ಮೊದಲು ಕುಟ್ಟಿ, ಅಂಗೈಯಡಿ ಹಗುರವಾಗಿ ಉರುಳಿಸಿ, ನೀರಿನೊಳಗೆ ಮುಳುಗಿಸಿಯೇ ಸುಲಿಯಿರಿ. ಆ ತುದಿಯಲ್ಲಿ ಗಾಳಿಯ ಪೊಳ್ಳು ಇರುವುದರಿಂದ ಬೆರಳು ಪೊರೆಯ ಕೆಳಗೆ ಸುಲಭವಾಗಿ ಇಳಿಯುತ್ತದೆ.

ಕತ್ತರಿಸಲು ತೆಳುವಾದ ಹರಿತ ಚಾಕು ಬೇಕು, ಮತ್ತು ಪ್ರತಿ ಬಾರಿಯೂ ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಹಿಂದಿನ ಮೊಟ್ಟೆಯ ಹಳದಿ ಮುಂದಿನದರ ಬಿಳಿಗೆ ಬಳಿದುಕೊಳ್ಳುತ್ತದೆ. ಹೊಲಿಗೆಯ ದಾರವನ್ನು ಬಿಗಿಯಾಗಿ ಹಿಡಿದು ಕತ್ತರಿಸಿದರೆ ಚಾಕುವಿಗಿಂತಲೂ ಅಚ್ಚುಕಟ್ಟಾದ ಹೋಳು ಬರುತ್ತದೆ. ಪ್ರತಿ ಹೋಳಿನ ಬೆನ್ನಿನಿಂದ ಉಗುರಿನಷ್ಟು ತೆಳುವಾದ ಬಿಲ್ಲೆಯನ್ನು ಸವರಿ ತೆಗೆಯುವುದನ್ನು ಮರೆಯಬೇಡಿ. ಅಡಿಕೆ ಹಾಳೆಯ ತಟ್ಟೆಯಲ್ಲಿ ಬಡಿಸುವವರಿಗಂತೂ ಇದು ಕಡ್ಡಾಯ, ಏಕೆಂದರೆ ಹಾಳೆಯ ತಳ ಸಮತಟ್ಟಾಗಿರದೆ ಹೋಳುಗಳು ಉರುಳುತ್ತವೆ.

ಹೂರಣ

ಇಲ್ಲಿ ಅವಸರ ಮಾಡಬಾರದು. ಹಳದಿಗಳನ್ನು ಫೋರ್ಕಿನಿಂದ ಹಿಸುಕಿದರೆ ಎಷ್ಟು ಹಿಸುಕಿದರೂ ಸಣ್ಣ ಕಾಳುಗಳು ಉಳಿದು, ತುಂಬುವಾಗ ಕೋನ್‌ನ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ರವೆ ಜರಡಿಯ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿದಾಗ ಹಳದಿ ಸಣ್ಣ ಶಾವಿಗೆಯ ಎಳೆಗಳಂತೆ ಕೆಳಗಿನ ಪಾತ್ರೆಗೆ ಉದುರುತ್ತದೆ. ಹೀಗೆ ಒತ್ತಿದ ಹಳದಿ ಮೆಯೊನೇಸನ್ನು ಸಮವಾಗಿ ಹೀರಿಕೊಳ್ಳುತ್ತದೆ. ಮಿಕ್ಸಿ ಬೇಡ, ಅದರ ಬಿಸಿಗೂ ವೇಗಕ್ಕೂ ಹೂರಣ ಸಡಿಲವಾಗಿ ಜಿಗುಟಾಗುತ್ತದೆ.

ಒತ್ತಿದ ಹಳದಿಗೆ ಮೊದಲು ಬೆಣ್ಣೆ, ನಂತರ ಮೆಯೊನೇಸ್, ಕೊನೆಗೆ ಮೊಸರು ಸೇರಿಸಿ ಮರದ ಸೌಟಿನಿಂದ ತಿಕ್ಕಿ ತಿಕ್ಕಿ ಕಲಸಬೇಕು. ಮೆಯೊನೇಸನ್ನು ಒಮ್ಮೆಗೇ ಸುರಿಯದೆ ನಾಲ್ಕು ಚಮಚದಿಂದ ಆರಂಭಿಸಿ. ಹೂರಣ ಸೌಟಿನಿಂದ ಜಾರದೆ ನಿಂತು, ಒತ್ತಿದರೆ ಗುರುತು ಉಳಿಯುವಷ್ಟು ಮೆದುವಾದಾಗ ಹದ ಬಂತೆಂದು ತಿಳಿಯಬೇಕು.

ಈಗ ಉಪ್ಪಿನಕಾಯಿಯ ರಸ. ರಿಪ್ಪನ್‌ಪೇಟೆಯ ಸಂತೆಯಿಂದ ಮಿಡಿ ತಂದು ಮನೆಯಲ್ಲಿ ಹಾಕಿದ, ಎಣ್ಣೆ ಇಲ್ಲದೆ ಉಪ್ಪುನೀರಿನಲ್ಲಿ ಸಾಸಿವೆ ಮೆಣಸು ಅರೆದು ಸೇರಿಸಿದ ಉಪ್ಪಿನಕಾಯಿಯ ರಸ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಜೀರಿಗೆಯ ಪರಿಮಳದ ಮಿಡಿಯಾದರಂತೂ ಬೇರೆ ಮಸಾಲೆಯೇ ಬೇಡ. ಅಂಗಡಿಯ ಎಣ್ಣೆ ತೇಲುವ ಮಾವಿನ ಉಪ್ಪಿನಕಾಯಿ ಈ ಕೆಲಸಕ್ಕೆ ಒದಗುವುದಿಲ್ಲ. ಮೆಂತ್ಯದ ಕಹಿ, ಇಂಗಿನ ವಾಸನೆ ಮೊಟ್ಟೆಯನ್ನು ಮುಚ್ಚಿಬಿಡುತ್ತವೆ. ಬೇಕಾದಷ್ಟು ರಸವನ್ನು ಒಣಗಿದ ಚಮಚದಿಂದ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟುಕೊಳ್ಳಬೇಕು. ಮೊಟ್ಟೆ ಮುಟ್ಟಿದ ಚಮಚ ಭರಣಿಗೆ ಇಳಿದರೆ ವರ್ಷದ ಉಪ್ಪಿನಕಾಯಿ ಕೆಡುತ್ತದೆ, ಅದೂ ಅಲ್ಲದೆ ಅದೇ ಭರಣಿಯಿಂದ ಮೊಟ್ಟೆ ತಿನ್ನದ ಅತ್ತೆಯೋ ಅಜ್ಜಿಯೋ ಊಟ ಮಾಡುವ ಮನೆಗಳೂ ಇವೆ.

ರಸವನ್ನು ಒಂದೊಂದೇ ಸಣ್ಣ ಚಮಚವಾಗಿ ಸೇರಿಸಿ ರುಚಿ ನೋಡುತ್ತಾ ಹೋಗಿ. ಅದರಲ್ಲಿ ಉಪ್ಪು ಕಡುವಾಗಿರುವುದರಿಂದ ಮೂರು ಚಮಚದ ನಂತರ ಹೂರಣಕ್ಕೆ ಬೇರೆ ಉಪ್ಪು ಬೇಕಾಗುವುದು ಅಪರೂಪ. ಉಪ್ಪು ಸಾಕಾಗಿ ಹುಳಿ ಮಾತ್ರ ಸಾಲದೆಂದು ಕಂಡರೆ ಇನ್ನಷ್ಟು ರಸ ಹಾಕದೆ ಅರ್ಧ ಹೋಳು ನಿಂಬೆ ಹಿಂಡಬೇಕು. ಚಿಟಿಕೆ ವಾಟೆಹುಳಿಯ ಪುಡಿಯನ್ನೂ ಬಳಸಬಹುದು, ಆದರೆ ಅದರಿಂದ ಬಣ್ಣ ಸ್ವಲ್ಪ ಮಸುಕಾಗುತ್ತದೆ.

ಮಿಡಿ ಉಪ್ಪಿನಕಾಯಿ ಇಲ್ಲದ ಮನೆಯವರು ಒಂದು ಸಣ್ಣ ಚಮಚ ಸಾಸಿವೆಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ತಣ್ಣೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಆಮೇಲೆ ನಿಂಬೆರಸ ಮತ್ತು ಉಪ್ಪು ಸೇರಿಸಿ ಬಳಸಲಿ. ಈ ಅನುಕ್ರಮಕ್ಕೆ ಕಾರಣವಿದೆ. ಸಾಸಿವೆ ಜಜ್ಜಿ ನೀರು ತಗುಲಿದಾಗ ಅದರೊಳಗಿನ ಕಿಣ್ವ ಕೆಲಸಮಾಡಿ ಮೂಗಿಗೇರುವ ಘಾಟು ಹುಟ್ಟುತ್ತದೆ. ಬಿಸಿನೀರು ಆ ಕಿಣ್ವವನ್ನು ಕೊಲ್ಲುತ್ತದೆ, ಹುಳಿಯನ್ನು ಮೊದಲೇ ಸೇರಿಸಿದರೆ ಅದರ ಕೆಲಸ ಕುಂಠಿತವಾಗುತ್ತದೆ, ಘಾಟು ಬಂದ ಮೇಲೆ ಸೇರಿಸಿದ ಹುಳಿ ಮಾತ್ರ ಅದನ್ನು ಹಿಡಿದಿಡುತ್ತದೆ.

ಖಾರದ ಲೆಕ್ಕ

ಖಾರದ ತಿನಿಸೆಂದರೆ ಅಚ್ಚಖಾರದ ಪುಡಿಯನ್ನು ಸುರಿಯುವುದು ಎಂದುಕೊಂಡವರೇ ಹೆಚ್ಚು. ಈ ಹೂರಣದಲ್ಲಿ ಪ್ರತಿ ಖಾರಕ್ಕೂ ಅದರದೇ ಜಾಗವಿದೆ. ಸಾಸಿವೆಯ ಘಾಟು ಮೂಗಿಗೆ ತಟ್ಟಿ ಕ್ಷಣದಲ್ಲಿ ಇಳಿಯುತ್ತದೆ. ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳುಮೆಣಸು ಗಂಟಲಿನಲ್ಲಿ ಬೆಚ್ಚಗೆ ಉಳಿಯುತ್ತದೆ. ಅದನ್ನು ತರಿತರಿಯಾಗಿ ಕುಟ್ಟಿದರೆ ಹಲ್ಲಿಗೆ ಅಲ್ಲೊಂದು ಇಲ್ಲೊಂದು ಸಿಕ್ಕಿ ಎಚ್ಚರಿಸುತ್ತದೆ. ನಾಲಿಗೆಯ ನಿಜವಾದ ಉರಿ ಸೂಜಿಮೆಣಸಿನದು. ಬೆರಳ ಉಗುರಿನುದ್ದದ ಈ ಕಾಯಿಗೆ ಹಸಿಮೆಣಸಿನ ಹಲವು ಪಟ್ಟು ಖಾರವಿರುವುದರಿಂದ ಅದನ್ನು ಹೆಚ್ಚದೆ, ಒಂದು ಹರಳು ಉಪ್ಪಿನೊಂದಿಗೆ ಕುಟ್ಟಾಣಿಯಲ್ಲಿ ಅರೆದು ಸೇರಿಸಬೇಕು. ಹೆಚ್ಚಿದ ತುಂಡೊಂದು ಒಬ್ಬರ ಹೋಳಿಗೆ ಇಡಿಯಾಗಿ ಹೋದರೆ ಆ ಅತಿಥಿಯ ಸಂಜೆ ಅಲ್ಲಿಗೇ ಮುಗಿಯುತ್ತದೆ. ಅರೆದ ಕೈಯನ್ನು ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ತೊಳೆಯಿರಿ.

ಮೆಣಸಿನ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುತ್ತದೆ. ಹಳದಿ, ಬೆಣ್ಣೆ, ಮೆಯೊನೇಸ್ ಮೂರೂ ಜಿಡ್ಡಾದ್ದರಿಂದ ಕಲಸಿದ ಕೂಡಲೇ ನೋಡಿದಾಗ ಸಪ್ಪೆ ಎನಿಸಿದ ಹೂರಣ ಅರ್ಧ ಗಂಟೆಯ ನಂತರ ಚುರುಕಾಗಿರುತ್ತದೆ. ಹೀಗಾಗಿ ಮೊದಲು ಎರಡೇ ಕಾಯಿ ಹಾಕಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮತ್ತೆ ರುಚಿ ನೋಡಿ ಮೂರನೆಯದರ ವಿಚಾರ ಮಾಡಬೇಕು. ರುಚಿ ನೋಡುವಾಗ ಬರೀ ಹೂರಣವನ್ನು ನೆಕ್ಕದೆ, ಸುಲಿಯುವಾಗ ಹರಿದ ಬಿಳಿಯ ಚೂರಿನೊಂದಿಗೆ ತಿಂದು ನೋಡಿ. ಬಿಳಿ ಸಪ್ಪೆ, ಅದರೊಂದಿಗೆ ಸರಿಯೆನಿಸಬೇಕಾದರೆ ಹೂರಣ ಒಂದು ಕೂದಲಷ್ಟು ಜೋರಾಗಿಯೇ ಇರಬೇಕು. ಮಕ್ಕಳು ಬರುವ ಕೂಟವಾದರೆ ಸೂಜಿಮೆಣಸು ಹಾಕುವ ಮೊದಲೇ ನಾಲ್ಕಾರು ಹೋಳಿನ ಹೂರಣವನ್ನು ಬೇರೆ ತೆಗೆದಿಡಿ.

ತುಂಬುವುದು, ಅಲಂಕರಿಸುವುದು

ದಪ್ಪನೆಯ ಸ್ವಚ್ಛ ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿದರೆ ಕೋನ್ ಸಿದ್ಧ. ಕವರನ್ನು ಲೋಟದೊಳಗೆ ಇಳಿಸಿ ಬಾಯಿಯನ್ನು ಹೊರಗೆ ಮಡಿಚಿದರೆ ಹೂರಣ ತುಂಬುವುದು ಸುಲಭ. ಕುಳಿಯ ನಡುವಿನಿಂದ ಒತ್ತಲು ಆರಂಭಿಸಿ, ಅಂಚಿನವರೆಗೆ ತುಂಬಿ, ಮೇಲೆ ಸಣ್ಣ ಗೋಪುರ ನಿಲ್ಲಿಸಿ.

ಅಮೆರಿಕದವರು ಮೇಲೆ ಪ್ಯಾಪ್ರಿಕಾ ಉದುರಿಸುವುದು ಮುಖ್ಯವಾಗಿ ಬಣ್ಣಕ್ಕಾಗಿ. ನಮಗೆ ಅದರ ಹಂಗಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ, ಅದರಲ್ಲೂ ಸುಕ್ಕುಗಟ್ಟಿದ ಡಬ್ಬಿ ತಳಿ, ಗಾಢ ಕೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಒಣ ಪುಡಿಯನ್ನೇ ಉದುರಿಸಿದರೆ ಹಸಿ ವಾಸನೆ ಬರುತ್ತದೆ. ಎರಡು ಚಮಚ ಎಣ್ಣೆ ಕಾಯಿಸಿ, ಒಲೆ ಆರಿಸಿ, ಹತ್ತಿಪ್ಪತ್ತು ಕರಿಬೇವಿನ ಎಲೆಗಳನ್ನು ಗರಿಗರಿಯಾಗುವಂತೆ ಬಾಡಿಸಿ ತೆಗೆದು, ಅದೇ ಎಣ್ಣೆ ಇನ್ನಷ್ಟು ಆರಿದ ಮೇಲೆ ಅರ್ಧ ಚಮಚ ಪುಡಿ ಹಾಕಿ ಕದಡಿ. ಎಣ್ಣೆ ಹೆಚ್ಚು ಬಿಸಿಯಿದ್ದರೆ ಪುಡಿ ಕ್ಷಣದಲ್ಲಿ ಕಪ್ಪಾಗುತ್ತದೆ. ಹದವಾಗಿದ್ದರೆ ಕೆಂಪು ಬಿಟ್ಟುಕೊಂಡು ಪುಡಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಪ್ರತಿ ಹೋಳಿನ ಮೇಲೆ ಎರಡು ಮೂರು ಹನಿ ಬಿಟ್ಟು, ಒಂದೊಂದು ಕರಿಬೇವಿನ ಎಲೆ ಚುಚ್ಚಿದರೆ ಸಾಕು.

ಪಾಶ್ಚಾತ್ಯರು ಮೇಲೆ ಹುರಿದ ಹಂದಿಮಾಂಸದ ಚೂರು ಹಾಕುವುದುಂಟು. ಅದರ ಉಪ್ಪುಪ್ಪಾದ ಗರಿಯ ಜಾಗದಲ್ಲಿ ಒಣ ಸೀಗಡಿಯನ್ನು ನಿಲ್ಲಿಸಬಹುದು. ತಲೆ, ಬಾಲ ತೆಗೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಕೈಯಿಂದಲೇ ಪುಡಿಮಾಡಿ ಉದುರಿಸಿ. ಸೀಗಡಿ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ, ಆದ್ದರಿಂದ ಅಂಥ ಹೋಳುಗಳನ್ನು ಪ್ರತ್ಯೇಕ ತಟ್ಟೆಯಲ್ಲಿ, ಕೇಳಿಯೇ ಕೊಡಬೇಕು.

ಮುಂಚಿತ ತಯಾರಿ ಮತ್ತು ಸಾಗಣೆ

ಹೋಳುಗಳನ್ನೂ ಹೂರಣವನ್ನೂ ಹಿಂದಿನ ದಿನವೇ ಮಾಡಿ, ಬೇರೆ ಬೇರೆಯಾಗಿ ಫ್ರಿಜ್ಜಿನಲ್ಲಿಡಬಹುದು. ಬಿಳಿಯ ಹೋಳುಗಳನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಅಂಚು ಒಣಗಿ ಹಳದಿಗಟ್ಟುತ್ತದೆ. ತುಂಬುವ ಕೆಲಸ ಅತಿಥಿಗಳು ಬರುವ ಒಂದು ಗಂಟೆ ಮೊದಲು, ಕೆಂಪೆಣ್ಣೆ ಬಿಡುವುದು ಬಡಿಸುವ ಹೊತ್ತಿಗೆ. ಬೇರೊಂದು ಮನೆಗೆ ಒಯ್ಯಬೇಕಾದರೆ ಹೂರಣವನ್ನು ಕೋನ್‌ನಲ್ಲೇ ಕಟ್ಟಿ ಒಯ್ದು ಅಲ್ಲಿ ತುಂಬಿ. ನಮ್ಮ ಘಟ್ಟದ ತಿರುವುಗಳಲ್ಲಿ ತುಂಬಿದ ತಟ್ಟೆ ಹಾಗೆಯೇ ಉಳಿದು ತಲುಪುವುದಿಲ್ಲ.

ತುಂಬಿದ ಮೊಟ್ಟೆ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಏಪ್ರಿಲ್‌ನ ಸೆಕೆಯಲ್ಲಿ ಪಾರಾ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹೀಗಾಗಿ 24 ಹೋಳುಗಳನ್ನೂ ಒಟ್ಟಿಗೆ ಹೊರಗಿಡದೆ ಎಂಟೆಂಟಾಗಿ ತರುವುದು ಸರಿ. ಮಳೆಗಾಲದಲ್ಲಿ ಬೇರೆಯೇ ತಾಪತ್ರಯ: ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. ಅಂಥ ದಿನ ಮೊಟ್ಟೆ ತಣಿಸಲು ಮಾಡಿದ ಮಂಜುಗಡ್ಡೆಯ ಜೊತೆ ಇನ್ನೊಂದು ಪಾತ್ರೆಯಷ್ಟನ್ನು ಹೆಚ್ಚಿಗೆ ಮಾಡಿಟ್ಟು, ಅಗಲವಾದ ತಟ್ಟೆಯಲ್ಲಿ ಹರಡಿ, ಅದರ ಮೇಲೆ ಮೊಟ್ಟೆಯ ಡಬ್ಬಿ ಇಟ್ಟು ಫ್ರಿಜ್ಜಿನ ಬಾಗಿಲು ತೆಗೆಯದೆ ಬಿಡಿ.

ಮೇಜಿನ ಮೇಲೆ ಹೊತ್ತು ಮೀರಿ ಕುಳಿತದ್ದನ್ನು ಎಸೆಯಬೇಕು. ಫ್ರಿಜ್ಜಿನಿಂದ ಹೊರಬರದೆ ಉಳಿದ ಹೋಳುಗಳು ಎರಡು ದಿನ ಚೆನ್ನಾಗಿರುತ್ತವೆ. ಮರುದಿನ ಬೆಳಿಗ್ಗೆ ಅವನ್ನು ಒರಟಾಗಿ ಹೆಚ್ಚಿ, ಸಣ್ಣಗೆ ಕೊಚ್ಚಿದ ಈರುಳ್ಳಿ ಸೇರಿಸಿ, ಹಂಚಿನಿಂದ ಇಳಿಸಿದ ಅಕ್ಕಿ ರೊಟ್ಟಿಯ ಮೇಲೆ ಹರಡಿ ಮಡಿಚಿದರೆ ತಿಂಡಿಗೆ ಬೇರೆ ಪಲ್ಯ ಬೇಕಾಗುವುದಿಲ್ಲ.